ಇಲ್ಲದ ಶಿಖರದ ಚಿತ್ರ

ಹಳೇಬೀಡಿನ ಹೊಯ್ಸಳೇಶ್ವರನ ಜಗತಿಯ ಮೇಲೆ ಮೇಷ್ಟರೊಬ್ಬರು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸುತ್ತಿದ್ದರು. "ನೋಡ್ರೋ, ಮುಂಚೆ ಹಿಂಗಿತ್ತು ಈ ಗುಡಿ. ಹಳೇ ಕಾಲದ ಲಿಥೋಗ್ರಾಫ್ ಇದು." ಅರಸೀಕೆರೆ ಬಸ್ಸು ಹತ್ತಿದ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ.

ಹಳೆಯ ಚಿತ್ರವೆಲ್ಲ ಲಿಥೋಗ್ರಾಫ್ ಎನ್ನುವ ರೂಢಿ ನನಗೆ ಸಹಿಸಲಾಗದು. ಮೇಷ್ಟರು ತೋರಿಸಿದ್ದು ಜೇಮ್ಸ್ ಫರ್ಗುಸನ್ 1876ರಲ್ಲಿ ಪ್ರಕಟಿಸಿದ ಭಾರತೀಯ ವಾಸ್ತುಶಿಲ್ಪದ ಚರಿತ್ರೆಯಲ್ಲಿರುವ ಮರದಚ್ಚು. ಮರದಚ್ಚಿನಲ್ಲಿ ಬಿಳಿ ಉಳಿಯಬೇಕಾದ ಜಾಗವನ್ನೆಲ್ಲ ಕೆತ್ತಿ ತೆಗೆಯುತ್ತಾರೆ. ಉಬ್ಬಿ ನಿಂತ ಗೆರೆ ಮಸಿ ಹಿಡಿಯುತ್ತದೆ. ಆದ್ದರಿಂದಲೇ ಅದನ್ನು ಅಕ್ಷರದ ಮೊಳೆಗಳ ಜೊತೆಗೆ ಜೋಡಿಸಿ ಒಟ್ಟಿಗೇ ಅಚ್ಚು ಹಾಕಬಹುದಿತ್ತು. ಲಿಥೋಗ್ರಾಫ್ ಎಂದರೆ ಕಲ್ಲಚ್ಚು. 1796ರ ಸುಮಾರಿಗೆ ಜರ್ಮನಿಯ ಸೆನೆಫೆಲ್ಡರ್ ಕಂಡುಕೊಂಡ ಈ ವಿದ್ಯೆಯಲ್ಲಿ ಕೆತ್ತನೆಯೇ ಇಲ್ಲ. ನುಣ್ಣನೆಯ ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಕಡ್ಡಿಯಿಂದ ಬರೆದು, ಕಲ್ಲನ್ನು ನೀರಿನಿಂದ ಒದ್ದೆ ಮಾಡಿ, ಮಸಿ ಸವರಿದರೆ ಜಿಡ್ಡಿದ್ದ ಕಡೆ ಮಾತ್ರ ಮಸಿ ನಿಲ್ಲುತ್ತದೆ. ಕೈಬರಹವನ್ನೇ ಅಚ್ಚಿಗೆ ಇಳಿಸಬಹುದಾದ್ದರಿಂದ ನಮ್ಮ ಒತ್ತಕ್ಷರಗಳಿಗೆ ಇದು ಹೇಳಿ ಮಾಡಿಸಿದಂತಿತ್ತು. ಮೋಗ್ಲಿಂಗರ 'ಮಂಗಳೂರ ಸಮಾಚಾರ' ಪತ್ರಿಕೆ 1843ರಲ್ಲಿ ಹೊರಬಂದದ್ದು ಕಲ್ಲಚ್ಚಿನಿಂದಲೇ.

ಇಷ್ಟು ಬರೆದು, ಖಾತ್ರಿಗೆಂದು ಫರ್ಗುಸನ್‌ನ ಪುಟ ತೆರೆದೆ. ಕಲ್ಲೋ ಮರವೋ ಎಂಬುದು ಸಣ್ಣ ಪ್ರಶ್ನೆ ಎಂದು ಆಗ ಹೊಳೆಯಿತು. ಶಿಖರಗಳನ್ನು ತೋರಿಸುವ ಈ ಚಿತ್ರದ ಶೀರ್ಷಿಕೆಯಲ್ಲಿ ಇದು ಗುಡಿಯ 'ಪುನಾರಚಿತ' ನೋಟ ಎಂದಿದೆ. ಆದರೆ ಈ ಗುಡಿ ಪೂರ್ತಿಯಾಗಲೇ ಇಲ್ಲ ಎಂದು ಬರೆದವನೂ ಅದೇ ಫರ್ಗುಸನ್. ಪೂರ್ತಿಯಾಗದ್ದನ್ನು ಮರಳಿ ಕಟ್ಟುವುದು ಹೇಗೆ? ಬೇಲೂರಿನ ಮಾತು ಬೇರೆ. ಚೆನ್ನಕೇಶವನ ಗುಡಿಗೆ ಶಿಖರವಿತ್ತು. ಕೆಳಗಿನ ಗೋಡೆ ಉಳಿಯಲೆಂದು 19ನೆಯ ಶತಮಾನದಲ್ಲಿ ಇಳಿಸಿದರು. ಅಲ್ಲಿ ಕಳೆದುಹೋದದ್ದಿದೆ. ಹಳೇಬೀಡಿನ ಚಿತ್ರದಲ್ಲಿರುವುದು ಫರ್ಗುಸನ್‌ನ ಆಸೆ. ಪ್ರೀತಿಯಿಂದಲೇ ಬಿಡಿಸಿದ್ದಾನೆ, ಒಪ್ಪುತ್ತೇನೆ, ಸಾಕ್ಷಿಯೆಂದು ಒಪ್ಪಲಾರೆ. ಮಕ್ಕಳು 'ಮುಂಚೆ ಹಿಂಗಿತ್ತು' ಎಂದು ನಂಬಿ ಹೋದರೆ, ಶಿಖರ ಕೆಡವಿದವರು ಯಾರು ಎಂದು ಹುಡುಕಲು ಹೊರಡುತ್ತಾರೆ. ನನ್ನ ಕಳವಳ ಅದು.

ರಿಚರ್ಡ್ ಬ್ಯಾನರ್ ಓಕ್ಲಿ 1856ರಲ್ಲೇ ಈ ಗುಡಿಯ ಫೋಟೋ ತೆಗೆದಿದ್ದ. ಮೇಷ್ಟರೇ, ಮುಂದಿನ ಸಲ ಮಕ್ಕಳಿಗೆ ಎರಡನ್ನೂ ತೋರಿಸಿ. ಓಕ್ಲಿಯ ಫೋಟೋಗಳಲ್ಲಿ ಶಿಖರವಿಲ್ಲ.