ಜನಪದ ಗೀತೆಗಳೂ ನಮ್ಮ ಸೀಮೆಯ ಚರಿತ್ರೆಯೂ

ಚರಿತ್ರೆಯೆಂದೊಡನೆ ನಮ್ಮ ಜಿಲ್ಲೆಯವರ ಮನಸ್ಸು ಮೊದಲು ಹರಿಯುವುದು ದುರ್ಗದ ಏಳುಸುತ್ತಿನ ಕೋಟೆಯ ಕಡೆಗೆ. ಪಾಳೆಯಗಾರರ ವಂಶಾವಳಿ, ಮದಕರಿನಾಯಕನ ಪರಾಕ್ರಮ, ೧೭೭೯ರಲ್ಲಿ ಹೈದರಾಲಿಗೆ ಕೋಟೆ ವಶವಾದ ಸಂಗತಿ, ಇಷ್ಟನ್ನು ಹೇಳಬಲ್ಲವನು ಚರಿತ್ರೆ ಬಲ್ಲವನೆನಿಸಿಕೊಳ್ಳುತ್ತಾನೆ. ಆದರೆ ಆ ಕೋಟೆಗೆ ಕಲ್ಲು ಹೊತ್ತವರಾರು? ಕಾವಲಿನವರಿಗೆ ರಾಗಿ ಬೀಸಿದವರಾರು? ಬೆಟ್ಟದಾಚೆಯ ಬಯಲಿನಲ್ಲಿ ದನಕುರಿ ಮೇಯಿಸಿಕೊಂಡಿದ್ದವರು ಯಾವುದಕ್ಕೆ ನಕ್ಕರು, ಯಾವುದಕ್ಕೆ ಅತ್ತರು? ಇವನ್ನು ಕೇಳಿದರೆ ನಮ್ಮ ಪಠ್ಯಪುಸ್ತಕ ಮೌನ ತಾಳುತ್ತದೆ. ಉತ್ತರ ಹೇಳಬಲ್ಲ ದಾಖಲೆ ಮಾತ್ರ ನಮ್ಮ ಹಳ್ಳಿಗಳಲ್ಲಿಯೇ ಇದೆ. ಅದೇ ಜನಪದ ಗೀತೆ. ಶಾಸನಕ್ಕೆ ಕೊಡುವ ಮನ್ನಣೆಯನ್ನು ಹಾಡಿಗೂ ಕೊಡಬೇಕೆಂಬುದು ನನ್ನ ಅಭಿಪ್ರಾಯ.

ನಮ್ಮ ಜಿಲ್ಲೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೊಂದನೆಯ ಸಂಪುಟದಲ್ಲಿ ಒಟ್ಟುಗೂಡಿಸಿದರು. ಅವರ ಉಪಕಾರ ದೊಡ್ಡದು. ಆದರೆ ಕಲ್ಲು ಕೆತ್ತಿಸಲು ಹಣ ಬೇಕು, ಅಧಿಕಾರ ಬೇಕು. ಆದ್ದರಿಂದ ಶಾಸನದಲ್ಲಿ ಹೆಚ್ಚಾಗಿ ಕಾಣುವವರು ದಾನ ಕೊಟ್ಟವರು, ದಾನ ಪಡೆದವರು, ರಣದಲ್ಲಿ ಮಡಿದ ವೀರರು. ಹಾಡಿಗೆ ಇವಾವುವೂ ಬೇಡ, ಕೊರಳೊಂದಿದ್ದರೆ ಸಾಕು. ಹೀಗಾಗಿ ಬಡವರೂ ಹೆಂಗಸರೂ ತಮ್ಮ ಮಾತನ್ನು ಅಲ್ಲಿ ಉಳಿಸಿ ಹೋಗಿದ್ದಾರೆ. ಒನಕೆ ಓಬವ್ವನನ್ನೇ ನೋಡಿ. ಕಹಳೆಯ ಮುದ್ದಹನುಮನ ಹೆಂಡತಿಯಾದ ಆಕೆಯ ಹೆಸರನ್ನು ತಲೆಮಾರುಗಳ ಕಾಲ ಹೊತ್ತು ತಂದದ್ದು ಜನರ ನಾಲಗೆ. ಕಾದಂಬರಿ, ಚಲನಚಿತ್ರಗಳು ಅವಳನ್ನು ನಾಡಿಗೆಲ್ಲ ಪರಿಚಯಿಸಿದ್ದು ಆಮೇಲೆ.

ಹಿರಿಯೂರು ಸೀಮೆಯ ಗೊಲ್ಲರಹಟ್ಟಿಗಳ ಕಡೆ ತಿರುಗೋಣ. ಕಾಡುಗೊಲ್ಲರು ತಮ್ಮ ಸಾಂಸ್ಕೃತಿಕ ವೀರನಾದ ಜುಂಜಪ್ಪನ ಕಥೆಯನ್ನು ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನೊಡನೆ ಹಾಡುತ್ತಾರೆ. ಜುಂಜಪ್ಪ ರಾಜನಲ್ಲ, ದನಗಾಹಿ. ಅವನ ಸಂಪತ್ತು ಹಿಂಡು, ಅವನ ರಾಜ್ಯ ಹುಲ್ಲುಗಾವಲು. ಮ್ಯಾಸಬೇಡರಲ್ಲಿಯೂ ದೇವರ ಎತ್ತುಗಳಿವೆ, ಅವನ್ನು ಕಾಯುವ ಕಿಲಾರಿಗಳಿದ್ದಾರೆ, ಗಾದ್ರಿ ಪಾಲನಾಯಕನಂತಹ ವೀರರ ಕಥೆಗಳಿವೆ. ಕೋಟೆ ಕೊತ್ತಲಗಳ ಚರಿತ್ರೆಯ ಪಕ್ಕದಲ್ಲಿಯೇ ಇಲ್ಲಿ ಮೇವು ನೀರುಗಳನ್ನು ಅರಸಿ ಅಲೆದ ಜನರ ಬೇರೊಂದು ಚರಿತ್ರೆ ನಡೆದಿತ್ತೆಂಬುದನ್ನು ಈ ಕಥನಗಳು ನಮಗೆ ತಿಳಿಸುತ್ತವೆ.

ಇನ್ನು ನೀರಿನ ಮಾತು. ಹೊಳಲ್ಕೆರೆಯ ಹೆಸರಿನಲ್ಲಿಯೇ ಕೆರೆಯಿದೆ. ಹೊಸದುರ್ಗದ ಸೀಮೆಯಲ್ಲಿ ಹರಿದು ಬರುವ ವೇದಾವತಿಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ೧೮೯೮ರಿಂದ ೧೯೦೭ರವರೆಗೆ ಅಣೆಕಟ್ಟು ಕಟ್ಟಿದರು. ಆ ವಾಣಿವಿಲಾಸ ಸಾಗರ ೧೯೩೩ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು ೨೦೨೨ರಲ್ಲಿ. ನಡುವೆ ಕಳೆದದ್ದು ೮೯ ವರ್ಷ! ಇಂತಹ ನೆಲದಲ್ಲಿ ಮಳೆರಾಯನನ್ನು ಮಣೆಯ ಮೇಲೆ ಕೂರಿಸಿ, ಮನೆಮನೆಯ ಮುಂದೆ ನೀರು ಹೊಯ್ಯಿಸಿಕೊಂಡು ಹಾಡುವ ಹುಡುಗರ ಪದವನ್ನು ಬರಿಯ ಆಟವೆನ್ನಬಹುದೆ? ಅದು ಬರಗಾಲ ಕಂಡವರ ಮೊರೆ. ಕನ್ನಡ ನಾಡಿಗೆಲ್ಲ ಪರಿಚಿತವಾದ 'ಕೆರೆಗೆ ಹಾರ'ದಲ್ಲಿ ಕೆರೆಯಲ್ಲಿ ನೀರು ಬಾರದೆ ಕಿರಿಯ ಸೊಸೆ ಭಾಗೀರಥಿಯನ್ನು ಬಲಿ ಕೊಡುತ್ತಾರೆ. ಅದು ಯಾವ ಇಸವಿಯಲ್ಲಿ ನಡೆಯಿತೆಂದು ಕೇಳಿದರೆ ಹಾಡು ಉತ್ತರ ಕೊಡದು. ಊರಿನ ಹಿತಕ್ಕೆ ಬೆಲೆ ತೆರಬೇಕಾದಾಗ ಮನೆಯಲ್ಲಿ ಯಾರ ಸರದಿ ಬರುತ್ತಿತ್ತೆಂದು ಕೇಳಿದರೆ ಎದೆ ನಡುಗುವ ಉತ್ತರ ಕೊಡುತ್ತದೆ.

ಹಾಡುಗಳಲ್ಲಿ ಕಾಲದ ಲೆಕ್ಕವಿಲ್ಲ, ಉತ್ಪ್ರೇಕ್ಷೆಯಿದೆ, ಒಬ್ಬನ ಸಾಹಸ ಇನ್ನೊಬ್ಬನ ಹೆಸರಿಗೆ ಸೇರಿಹೋಗುತ್ತದೆ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಅರಸರ ಪ್ರಶಸ್ತಿಗಳಲ್ಲಿಯೂ ಉತ್ಪ್ರೇಕ್ಷೆಯಿಲ್ಲವೆ? ಅವನ್ನು ನಾವು ಬಿಸುಡುವುದಿಲ್ಲ, ಪರೀಕ್ಷಿಸಿ ಬಳಸುತ್ತೇವೆ. ಹಾಡಿಗೂ ಅದೇ ನ್ಯಾಯ ಸಲ್ಲಬೇಕು. ಹಾಗೆಯೇ, ಹಾಡನ್ನು ಮೆಚ್ಚಿದ ಮಾತ್ರಕ್ಕೆ ಹಳೆಯದೆಲ್ಲವನ್ನೂ ಮೆಚ್ಚಬೇಕೆಂದೇನೂ ಇಲ್ಲ. ಬಾಣಂತಿಯನ್ನೂ ಮುಟ್ಟಾದವಳನ್ನೂ ಹಟ್ಟಿಯಿಂದ ಹೊರಗಿಡುವ ಕಟ್ಟಳೆಯನ್ನು ಸಂಪ್ರದಾಯವೆಂದು ಹೊಗಳುವುದು ವಿದ್ಯಾವಂತರಿಗೆ ಒಪ್ಪುವ ಮಾತಲ್ಲ. ಹೆಂಗಸರ ಹಾಡುಗಳನ್ನು ಕಿವಿಗೊಟ್ಟು ಕೇಳಿದವನು ಅವರ ಕಷ್ಟವನ್ನೂ ಕೇಳಿಸಿಕೊಳ್ಳಬೇಕು.

ಈ ಭಂಡಾರ ದಿನದಿನಕ್ಕೆ ಕರಗುತ್ತಿದೆ. ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆಗೆ ಸೇರಿತು. ನಸುಕಿನಲ್ಲಿ ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ಬೀಸುತ್ತಿದ್ದವರ ಪದವೂ ಅದರೊಡನೆ ಮೂಲೆ ಸೇರಿತು. ಗಿರಣಿಯನ್ನು ಶಪಿಸಬೇಕಾಗಿಲ್ಲ. ಅದು ನಮ್ಮ ತಾಯಂದಿರ ರಟ್ಟೆಗೆ ಬಿಡುವು ಕೊಟ್ಟಿತು. ಕೆಲಸ ಹೋದರೂ ಪದವನ್ನು ಉಳಿಸಿಕೊಳ್ಳುವ ಹೊಣೆ ಮಾತ್ರ ನಮ್ಮದು.

ಇದು ಆಗದ ಕೆಲಸವಲ್ಲ. ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹಳ್ಳಿಯಲ್ಲಿದ್ದುಕೊಂಡೇ ಹೆಂಗಸರ ಹಾಡುಗಳನ್ನು ಕೂಡಿಸಿ ೧೯೩೧ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ನಮ್ಮ ನೆರೆಯ ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ. ಅವರ ಕಂಠದಲ್ಲಿದ್ದ ಸಾವಿರಾರು ಪದಗಳನ್ನು ಕೃಷ್ಣಮೂರ್ತಿ ಹನೂರು ಅವರು ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆ ಅಜ್ಜಿಗೆ ನಾಡೋಜ ಗೌರವವನ್ನು ಸಲ್ಲಿಸಿತು.

ನಮ್ಮ ಕಾಲೇಜಿನ ಹುಡುಗ ಹುಡುಗಿಯರಲ್ಲಿ ಬಹುಮಂದಿ ಹಳ್ಳಿಯವರು. ಇಂದು ಎಲ್ಲರ ಜೇಬಿನಲ್ಲಿಯೂ ಧ್ವನಿ ಮುದ್ರಿಸುವ ಮೊಬೈಲ್ ಫೋನಿದೆ. ರಜೆಯಲ್ಲಿ ಊರಿಗೆ ಹೋದಾಗ ಒಬ್ಬೊಬ್ಬರು ಒಂದೊಂದು ಸೋಬಾನೆ ಪದವನ್ನೋ ಕಳೆ ಕೀಳುವ ಪದವನ್ನೋ, ಹಾಡುವವರ ಒಪ್ಪಿಗೆ ಪಡೆದು, ದಾಖಲಿಸಿ ತರಲಿ. ಹಾಡಿದವರ ಹೆಸರು, ಊರು, ಸಂದರ್ಭಗಳನ್ನು ತಪ್ಪದೆ ಬರೆಯಲಿ. ಮಾತನ್ನು ತಿದ್ದುವುದು ಬೇಡ. ಹಾಡಿನಲ್ಲಿ ನವಣೆಯ ಅನ್ನವಿದ್ದರೆ, ಚೆಂದವಾಗಲೆಂದು ಅದನ್ನು ಅಕ್ಕಿಯ ಅನ್ನ ಮಾಡಿದವನು ಒಂದು ಕಾಲದ ಊಟದ ಸಾಕ್ಷಿಯನ್ನೇ ಅಳಿಸಿದಂತೆ. ಅಧ್ಯಾಪಕರು ಇವನ್ನು ಗ್ರಂಥಭಂಡಾರದಲ್ಲಿ ಜೋಪಾನವಾಗಿರಿಸುವ ಏರ್ಪಾಡು ಮಾಡಲಿ.

ಕೋಟೆಯ ಕಲ್ಲು ಇನ್ನೂ ನೂರಾರು ವರ್ಷ ನಿಂತೀತು. ಎಂಬತ್ತು ದಾಟಿದ ಅಜ್ಜಿಯ ಕೊರಳು ಮುಂದಿನ ಬೇಸಗೆಯ ರಜೆಯವರೆಗೆ ನಮಗಾಗಿ ಕಾದಿದ್ದೀತೆಂಬ ಭರವಸೆಯಿಲ್ಲ.