ಕೆರೆಯ ಕೆಸರಿನ ಜೀವಿ, ನಮ್ಮ ಗೋಬರ್ ಗ್ಯಾಸು

ಮಳೆಗಾಲ ಹಿಡಿಯಿತೆಂದರೆ ಗೋಬರ್ ಗ್ಯಾಸ್ ಇರುವ ಮನೆಗಳಲ್ಲಿ ಒಂದೇ ದೂರು. ಬೇಸಗೆಯಲ್ಲಿ ಎರಡು ಹೊತ್ತಿನ ಅಡುಗೆಗೆ ಸಾಕಾಗುವ ಗ್ಯಾಸು ಆಷಾಢದಲ್ಲಿ ಅನ್ನ ಬೇಯುವ ಮೊದಲೇ ಮುಗಿಯುತ್ತದೆ. ಕಳೆದ ವರ್ಷ ಒಬ್ಬರು ಬಂದು 'ಚಳಿಯಲ್ಲೂ ಗ್ಯಾಸ್ ಕೊಡುವ ಜೀವಾಣು' ಅಂತ ಒಂದು ಪುಡಿ ಮಾರಿದರು. ನಾನೂ ಕೊಂಡೆ, ಹಾಕಿದೆ. ಒಲೆ ಮೊದಲಿನಂತೆಯೇ ಪುಸ್ಸೆಂದಿತು.

ಹಾಗಂತ ಚಳಿ ತಡೆಯುವ ಜೀವಿಯೇ ಇಲ್ಲವೆಂದಲ್ಲ. ಸ್ವಿಟ್ಜರ್ಲೆಂಡಿನ ಸೊಪ್ಪನ್‌ಸೇ ಎಂಬ ಕೆರೆಯ ತಳದಲ್ಲಿ, ಗಾಳಿ ತಾಗದ ಕೆಸರಿನಿಂದ ಬೇರ್ಪಡಿಸಿದ ಅಂಥ ಒಂದು ಜೀವಿಯನ್ನು ವಿಜ್ಞಾನಿಗಳು 2001ರಲ್ಲಿ ವಿವರಿಸಿದರು. ಹೆಸರು ಮೆಥನೊಸಾರ್ಸಿನಾ ಲಾಕುಸ್ಟ್ರಿಸ್. ಕೊನೆಯ ಪದಕ್ಕೆ 'ಕೆರೆಯದ್ದು' ಎಂದೇ ಅರ್ಥ. ಅದು 1 ಡಿಗ್ರಿ ಸೆಲ್ಸಿಯಸ್ಸಿನಲ್ಲೂ ಬೆಳೆಯುತ್ತದೆ, 25 ಡಿಗ್ರಿ ಅದಕ್ಕೆ ಹಿತ. ನಮ್ಮ ಟ್ಯಾಂಕು ಚುರುಕಾಗಲು 35ರ ಆಸುಪಾಸು ಬೇಕು. ಇದನ್ನು ಓದಿದಾಗ, ತಂದು ಹಾಕಿದರಾಯ್ತಲ್ಲ ಅಂತ ನನಗೂ ಆಸೆಯಾಯಿತು.

ಆದರೆ ಅದರ ಊಟ ಬೇರೆ. ಸೆಗಣಿ ನೇರವಾಗಿ ಗ್ಯಾಸಾಗುವುದಿಲ್ಲ. ಒಂದಷ್ಟು ಜೀವಾಣುಗಳು ಅದನ್ನು ಕೊಳೆಸಿ ಹುಳಿಯಾಗಿಸುತ್ತವೆ. ಅದರಲ್ಲಿ ಮುಖ್ಯವಾದದ್ದು ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ. ಟ್ಯಾಂಕಿನ ಮೀಥೇನಿನಲ್ಲಿ ಸುಮಾರು ಮೂರನೇ ಎರಡು ಪಾಲು ಹುಟ್ಟುವುದು ಇದರಿಂದಲೇ. ಕೆರೆಯ ಜೀವಿ ಇದನ್ನು ಮುಟ್ಟುವುದಿಲ್ಲ! ಜಲಜನಕ, ಇಂಗಾಲದ ಡೈಆಕ್ಸೈಡ್, ಮೆಥನಾಲ್ ಇಂಥವು ಸಿಕ್ಕರೆ ಮಾತ್ರ ಅದಕ್ಕೆ ಊಟ. ಮೇಲಾಗಿ, ಚಳಿಗೆ ಕೊಳೆಸುವವರೇ ನಿಧಾನವಾದಾಗ ಗ್ಯಾಸ್ ಮಾಡುವವನೊಬ್ಬ ಬಂದು ಏನು ಮಾಡಿಯಾನು?

ಮೀಥೇನ್ ಮಾಡುವ ಜೀವಿಗಳು ದನದ ಹೊಟ್ಟೆಯಲ್ಲೇ ಇವೆ, ಸೆಗಣಿಯ ಜೊತೆ ದಿನಾ ಟ್ಯಾಂಕಿಗೆ ಬರುತ್ತವೆ. ಅವುಗಳನ್ನು ಕೊಲ್ಲುವವರು ನಾವು. ಒಮ್ಮೆ ಹಟ್ಟಿಗೆ ಫಿನಾಯಿಲ್ ಹಾಕಿ ತೊಳೆದ ನೀರು ನನ್ನ ಟ್ಯಾಂಕಿಗೇ ಹೋಯಿತು. ವಾರಗಟ್ಟಲೆ ಹೊಗೆ ಊದಿದ್ದು ಮನೆಯಾಕೆ, ಬೈಗಳು ನನಗೆ. ಕೆಚ್ಚಲುಬಾವಿಗೆ ಆಂಟಿಬಯೋಟಿಕ್ ಕೊಟ್ಟ ದನದ ಸೆಗಣಿಯನ್ನೂ ಈಗ ಕೆಲವು ದಿನ ಬೇರೆ ಗುಂಡಿಗೆ ಹಾಕುತ್ತೇನೆ. ಮಳೆಗಾಲದಲ್ಲಿ ಸೆಗಣಿ ಕದಡಲು ಬಚ್ಚಲ ಹಂಡೆಯ ಉಗುರುಬೆಚ್ಚಗಿನ ನೀರು. ಸೋಪು ಬೀಳದ ನೀರು ಅನ್ನಿ. ಟ್ಯಾಂಕಿನ ಸುತ್ತ ನೀರು ನಿಲ್ಲದಂತೆ ಕಣಿ ಬಿಡಿಸಿದ್ದೇನೆ. ಗ್ಯಾಸು ಬೇಸಗೆಯಷ್ಟು ಬರುತ್ತಿಲ್ಲ, ಬೆಳಗಿನ ತಿಂಡಿಗಂತೂ ತೊಂದರೆಯಿಲ್ಲ.

ಪುಡಿ ಮಾರುವವರನ್ನು ಓಡಿಸಬೇಕೆಂದು ನಾನು ಹೇಳುವುದಿಲ್ಲ. ಅದರಲ್ಲಿರುವ ಜೀವಿ ಯಾವುದು, ಏನು ತಿನ್ನುತ್ತದೆ, ಎಷ್ಟು ಚಳಿಯಲ್ಲಿ, ಯಾರ ಟ್ಯಾಂಕಿನಲ್ಲಿ ಅಳೆದು ನೋಡಿದ್ದೀರಿ ಅಂತ ಕೇಳೋಣ. ವಿಜ್ಞಾನಿಗಳೂ ಜಡಿಮಳೆಯಲ್ಲಿ ಉರಿ ಕುಂದದ ಮಲೆನಾಡಿನ ಟ್ಯಾಂಕುಗಳ ಬಗ್ಗಡವನ್ನೊಮ್ಮೆ ಪರೀಕ್ಷಿಸಬೇಕು. ಅಂಥ ಟ್ಯಾಂಕು ನಿಮ್ಮಲ್ಲಿದ್ದರೆ ಏನು ಮಾಡುತ್ತೀರಿ ಎಂದು ಪತ್ರಿಕೆಗೆ ಬರೆಯಿರಿ.