ಸೈಪ್ರಸ್ಸಿನ ಸಂಧಾನ

ಪೂರ್ವ ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪವು ವಿಸ್ತಾರದಲ್ಲಿ ಅಲ್ಪವಾದರೂ ಅದರ ವ್ಯಾಜ್ಯವು ಅಲ್ಪವಾದುದಲ್ಲ. 1964ರ ಮಾರ್ಚಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಲಿಯು ಅಲ್ಲಿಗೆ ಶಾಂತಿಪಡೆಯನ್ನು ಕಳುಹಿಸಿದಾಗ ಅದಕ್ಕೆ ಗೊತ್ತುಮಾಡಿದ ಅವಧಿ ಮೂರು ತಿಂಗಳು ಮಾತ್ರ. ಆ ಮೂರು ತಿಂಗಳು ಬೆಳೆದು ಅರುವತ್ತು ವರ್ಷಗಳನ್ನು ದಾಟಿತು; ಪಡೆ ಇನ್ನೂ ಅಲ್ಲಿಯೇ ಇದೆ. 2025ರ ಅಕ್ಟೋಬರಿನಲ್ಲಿ ಉತ್ತರ ಭಾಗದ ತುರ್ಕರು, ಎರಡು ಪ್ರತ್ಯೇಕ ರಾಜ್ಯಗಳೇ ಆಗಬೇಕೆಂದು ಹಟ ಹಿಡಿದಿದ್ದ ಎರ್ಸಿನ್ ತತಾರರನ್ನು ಸೋಲಿಸಿ, ಒಕ್ಕೂಟ ರಚನೆಯನ್ನು ಬಯಸುವ ತುಫಾನ್ ಎರ್ಹುರ್ಮಾನರನ್ನು ತಮ್ಮ ನಾಯಕರನ್ನಾಗಿ ಆರಿಸಿದರು. ಇದರಿಂದ ಸಂಧಾನದ ಆಸೆ ಮತ್ತೆ ಚಿಗುರಿರುವುದು ಸಂತೋಷದ ಸಂಗತಿಯೇ. ಆದರೆ ಹಿಂದಿನ ಸಂಧಾನಗಳು ಏತಕ್ಕೆ ಮುರಿದುಬಿದ್ದುವೆಂಬುದನ್ನು ವಿಚಾರಿಸದೆ ಶುಭ ಕೋರುವುದು ಬರಿಯ ಉಪಚಾರದ ಮಾತಾದೀತು.

1878ರಿಂದ 1960ರವರೆಗೆ ಈ ದ್ವೀಪವು ಬ್ರಿಟಿಷರ ಕೈಯಲ್ಲಿತ್ತು. ಜನರಲ್ಲಿ ನೂರಕ್ಕೆ ಸುಮಾರು 78 ಮಂದಿ ಗ್ರೀಕರು, 18 ಮಂದಿ ತುರ್ಕರು. 1955ರಲ್ಲಿ ಗ್ರೀಕರು ಶಸ್ತ್ರ ಹಿಡಿದು ಎದ್ದಾಗ, ಅವರನ್ನು ಅಡಗಿಸುವುದಕ್ಕೆ ಸರಕಾರವು ತುರ್ಕರನ್ನೇ ಸಹಾಯಕ ಪೊಲೀಸರನ್ನಾಗಿ ನೇಮಿಸಿಕೊಂಡಿತು. ಒಡೆದು ಆಳುವ ಈ ನೀತಿಯ ಫಲವನ್ನು ಉಂಡು ಬಲ್ಲ ಭಾರತೀಯರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಆದರೆ ದೋಷವೆಲ್ಲವೂ ಪರಕೀಯರದೆಂದರೆ ಸತ್ಯಕ್ಕೆ ಅಪಚಾರವಾಗುತ್ತದೆ. ಗ್ರೀಕರ ಮುಖಂಡರಿಗೆ ಬೇಕಾಗಿದ್ದುದು ಗ್ರೀಸ್ ದೇಶದೊಡನೆ ವಿಲೀನ. ತುರ್ಕರ ಮುಖಂಡರಿಗೆ ಬೇಕಾಗಿದ್ದುದು ದ್ವೀಪದ ವಿಭಜನೆ. ಸೈಪ್ರಸ್ ಸೈಪ್ರಸ್ಸಾಗಿಯೇ ಉಳಿಯಲೆಂದು ಹೇಳುವವರ ಧ್ವನಿ ಎರಡು ಕಡೆಯಲ್ಲಿಯೂ ಕ್ಷೀಣವಾಗಿತ್ತು.

1959ರಲ್ಲಿ ಜೂರಿಕ್ ಮತ್ತು ಲಂಡನ್ ನಗರಗಳಲ್ಲಿ ಸ್ವಾತಂತ್ರ್ಯದ ಕರಾರುಗಳು ಸಿದ್ಧವಾದುವು. ಸರಕಾರಿ ನೌಕರಿಯಲ್ಲಿ ಗ್ರೀಕರಿಗೆ 70, ತುರ್ಕರಿಗೆ 30. ಅಧ್ಯಕ್ಷನು ಗ್ರೀಕನು, ಉಪಾಧ್ಯಕ್ಷನು ತುರ್ಕನು. ಮುಖ್ಯ ವಿಷಯಗಳಲ್ಲಿ ಇಬ್ಬರಿಗೂ ತಡೆಯುವ ಅಧಿಕಾರ. ಬ್ರಿಟನ್, ಗ್ರೀಸ್, ತುರ್ಕಿಗಳು ಮೂರೂ ಜಾಮೀನುದಾರ ರಾಷ್ಟ್ರಗಳು. ಬ್ರಿಟನ್ನಿಗೆ ಹೆಚ್ಚಾಗಿ ಎರಡು ಸೈನಿಕ ನೆಲೆಗಳು. ಈ ಸಂವಿಧಾನವನ್ನು ದ್ವೀಪದ ಜನರ ಮತಕ್ಕೆ ಹಾಕಲಿಲ್ಲ. ಜನರು ಒಪ್ಪಿ ಕಟ್ಟದ ಮನೆಗೆ ಜಾಮೀನುದಾರರು ಎಷ್ಟಿದ್ದರೇನು? 1963ರ ನವೆಂಬರಿನಲ್ಲಿ ಅಧ್ಯಕ್ಷ ಮಕಾರಿಯೋಸರು ಹದಿಮೂರು ತಿದ್ದುಪಡಿಗಳನ್ನು ಮುಂದಿಟ್ಟರು. ಡಿಸೆಂಬರಿನಲ್ಲಿ ನಿಕೋಸಿಯಾ ನಗರದಲ್ಲಿ ರಕ್ತ ಹರಿಯಿತು.

ಆ ಬೆಂಕಿ ಪೂರಾ ಆರದಿದ್ದ ಕಾಲದಲ್ಲಿ ಶಾಂತಿಪಡೆಯ ದಳಪತಿಯಾಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯನವರು. ಕೊರಿಯಾದಲ್ಲಿ ಯುದ್ಧಕೈದಿಗಳ ಜಟಿಲ ಪ್ರಶ್ನೆಯನ್ನು ನಿರ್ವಹಿಸಿ ಹೆಸರಾಗಿದ್ದ ಅವರು 1964ರಲ್ಲಿ ಈ ಭಾರವನ್ನು ಹೊತ್ತು, 1965ರ ಡಿಸೆಂಬರಿನಲ್ಲಿ ಸೈಪ್ರಸ್ಸಿನಲ್ಲಿಯೇ, ಕರ್ತವ್ಯದಲ್ಲಿರುವಾಗಲೇ, ದಿವಂಗತರಾದರು. ಆ ದ್ವೀಪದ ಅಂಚೆ ಚೀಟಿಯಲ್ಲಿ ಅವರ ಮುಖಚಿತ್ರ ಅಚ್ಚಾಯಿತು. ಅಂಥ ಸೇನಾನಿಯು ಬಂದೂಕುಗಳನ್ನು ತಡೆದು ನಿಲ್ಲಿಸಬಲ್ಲನು. ಹಾಗೆ ದೊರೆತ ಬಿಡುವಿನಲ್ಲಿ ಮನಸ್ಸುಗಳನ್ನು ಕೂಡಿಸುವುದು ಆಯಾ ಜನಾಂಗದ ನಾಯಕರ ಕೆಲಸ. ಆ ಕೆಲಸ ನಡೆಯಲಿಲ್ಲ. 1974ರ ಜುಲೈ 15ರಂದು ಗ್ರೀಸಿನ ಸೈನಿಕ ಸರಕಾರದ ಕುಮ್ಮಕ್ಕಿನಿಂದ ಮಕಾರಿಯೋಸರ ವಿರುದ್ಧ ಕ್ಷಿಪ್ರಕ್ರಾಂತಿ ನಡೆಯಿತು. 20ರಂದು ತುರ್ಕಿಯ ಸೈನ್ಯ ಬಂದಿಳಿದು, ಆಗಸ್ಟಿನೊಳಗೆ ದ್ವೀಪದ ಮೂರನೆಯ ಒಂದು ಪಾಲಿಗೂ ಹೆಚ್ಚು ನೆಲವನ್ನು ಹಿಡಿಯಿತು. ಲಕ್ಷಕ್ಕೆ ಮಿಕ್ಕಿದ ಗ್ರೀಕರು ದಕ್ಷಿಣಕ್ಕೂ ಹತ್ತಾರು ಸಾವಿರ ತುರ್ಕರು ಉತ್ತರಕ್ಕೂ ಮನೆಮಠ ಬಿಟ್ಟು ನಡೆದರು. 1983ರಲ್ಲಿ ಉತ್ತರವು ತಾನೊಂದು ಸ್ವತಂತ್ರ ರಾಜ್ಯವೆಂದು ಸಾರಿಕೊಂಡಿತು. ತುರ್ಕಿಯ ಹೊರತು ಬೇರಾವ ರಾಷ್ಟ್ರವೂ ಅದನ್ನು ಮನ್ನಿಸಲಿಲ್ಲ.

ಪರಿಹಾರದ ರೂಪರೇಖೆ ಯಾರಿಗೂ ತಿಳಿಯದ ರಹಸ್ಯವೇನೂ ಅಲ್ಲ. ಎರಡು ಜನಾಂಗಗಳ ಒಂದು ಒಕ್ಕೂಟವೆಂಬ ತತ್ವಕ್ಕೆ ಮಕಾರಿಯೋಸರೂ ಡೆಂಕ್ತಾಷರೂ 1977ರಲ್ಲಿಯೇ ಒಪ್ಪಿದ್ದರು. ಹಾಗಿದ್ದೂ 2004ರ ಏಪ್ರಿಲ್ 24ರಂದು ಕೋಫಿ ಅನ್ನಾನರ ಯೋಜನೆಯನ್ನು ಜನಮತಕ್ಕೆ ಹಾಕಿದಾಗ, ತುರ್ಕರಲ್ಲಿ ನೂರಕ್ಕೆ 65 ಮಂದಿ ಒಪ್ಪಿದರು, ಗ್ರೀಕರಲ್ಲಿ ನೂರಕ್ಕೆ 76 ಮಂದಿ ಒಲ್ಲೆನೆಂದರು. ಯೋಜನೆಯ ಅಂತಿಮ ಪಾಠ ಸಿದ್ಧವಾದುದು ಮತದಾನಕ್ಕೆ ಒಂದು ತಿಂಗಳೂ ಇಲ್ಲದಿರುವಾಗ. ಅದನ್ನು ತಿರಸ್ಕರಿಸಿರೆಂದು ಗ್ರೀಕರ ಅಧ್ಯಕ್ಷರೇ ಕರೆಯಿತ್ತರು. ಒಪ್ಪಲಿ, ಬಿಡಲಿ, ಮರುವಾರವೇ ದಕ್ಷಿಣಕ್ಕೆ ಯುರೋಪಿನ ಒಕ್ಕೂಟದ ಸದಸ್ಯತ್ವ ನಿಶ್ಚಿತವಾಗಿದ್ದುದರಿಂದ ನಿರಾಕರಣೆಗೆ ತೆರಬೇಕಾದ ಬೆಲೆಯೂ ಇರಲಿಲ್ಲ. 2017ರಲ್ಲಿ ಸ್ವಿಟ್ಜರ್ಲೆಂಡಿನ ಕ್ರಾನ್ಸ್ ಮೊಂಟಾನಾದಲ್ಲಿ ನಡೆದ ಮಾತುಕತೆಯೂ ಸೈನ್ಯ ಮತ್ತು ಜಾಮೀನುಗಳ ಬಂಡೆಗೆ ತಾಗಿ ಒಡೆಯಿತು.

ಇದರಿಂದ ಸಿದ್ಧವಾಗುವುದು ಒಂದೇ ಮಾತು: ಸಂಧಾನದ ಮೇಜಿನಲ್ಲಿ ಎದುರಾಳಿಯೊಡನೆ ಆಡುವ ಮಾತಿಗಿಂತ, ಊರಿಗೆ ಮರಳಿ ತನ್ನವರೊಡನೆ ಆಡಬೇಕಾದ ಮಾತು ಕಠಿಣವಾದುದು. ತುರ್ಕರು ಸಮಾನ ಪಾಲುದಾರರಾಗಿ ಆಡಳಿತದಲ್ಲಿ ಕೂಡುವರೆಂದೂ, ಕಳೆದುಹೋದ ಪ್ರತಿಯೊಂದು ಮನೆಯೂ ಹಿಂದಿರುಗಿ ಬಾರದೆಂದೂ ಗ್ರೀಕ್ ನಾಯಕರು ತಮ್ಮ ಜನಕ್ಕೆ ಬಾಯಿಬಿಟ್ಟು ಹೇಳಬೇಕು. ಹಿಡಿದ ನೆಲದಲ್ಲಿ ಕೆಲವನ್ನು ಬಿಟ್ಟುಕೊಡಬೇಕೆಂದೂ, ತುರ್ಕಿಯ ಸೈನ್ಯ ಚಿರಕಾಲ ಕಾವಲಿರಲಾರದೆಂದೂ ತುರ್ಕ ನಾಯಕರು ತಮ್ಮವರಿಗೆ ಹೇಳಬೇಕು. ತುರ್ಕರಿಗೆ 1963ರ ಭಯವೂ ಗ್ರೀಕರಿಗೆ 1974ರ ಭಯವೂ ಕಲ್ಪಿತವಲ್ಲ. ಇನ್ನೊಬ್ಬರ ಭಯವನ್ನು ಹುಸಿಯೆನ್ನುವವನು ಸಂಧಾನಕ್ಕೆ ಅರ್ಹನಲ್ಲ.

ಇದು ಅಸಾಧ್ಯವೆನ್ನುವವರು ನಿಕೋಸಿಯಾ ನಗರವನ್ನು ನೋಡಲಿ. 1974ರ ಗಾಯ ಇನ್ನೂ ಹಸಿಯಾಗಿರುವಾಗಲೇ ಅದರ ಎರಡು ಭಾಗಗಳ ನಗರಾಧ್ಯಕ್ಷರಾದ ಡಿಮಿಟ್ರಿಯಾಡಿಸ್ ಮತ್ತು ಅಕಿಂಜಿಯವರು ಕೂಡಿ ಒಂದೇ ಒಳಚರಂಡಿ ವ್ಯವಸ್ಥೆಯನ್ನು ಮಾಡಿಸಿದರು. ಊರಿನ ಕೊಳಚೆ ನೀರಿಗೆ ಗ್ರೀಕ ತುರ್ಕನೆಂಬ ಭೇದ ತಿಳಿಯದು! 1963ರಿಂದ ಈಚೆಗೆ ಕಾಣೆಯಾದ ಎರಡು ಸಾವಿರ ಮಂದಿಯಲ್ಲಿ ಸಾವಿರಕ್ಕೂ ಮಿಕ್ಕಿದವರ ಅಸ್ಥಿಗಳನ್ನು ಎರಡೂ ಜನಾಂಗಗಳ ತಜ್ಞರು ಒಟ್ಟಿಗೆ ಅಗೆದು, ಗುರುತಿಸಿ, ಕುಟುಂಬಗಳಿಗೆ ಒಪ್ಪಿಸಿದ್ದಾರೆ. ಸತ್ತವರ ವಿಷಯದಲ್ಲಿ ಸಾಧ್ಯವಾದ ಸಹಕಾರವು ಬದುಕಿರುವವರ ವಿಷಯದಲ್ಲಿ ಏಕೆ ಸಾಧ್ಯವಾಗಬಾರದು?

ಕಾಲವು ಯಾರ ಪಕ್ಷವನ್ನೂ ವಹಿಸದು. 1974ರಲ್ಲಿ ಹತ್ತು ವರ್ಷದ ಬಾಲಕನಾಗಿದ್ದವನು ಅರುವತ್ತನ್ನು ದಾಟಿದ್ದಾನೆ. ಒಂದೇ ಹಳ್ಳಿಯಲ್ಲಿ ಎರಡೂ ಜನಾಂಗಗಳು ನೆರೆಹೊರೆಯಾಗಿ ಬಾಳಿದುದನ್ನು ಕಣ್ಣಾರೆ ಕಂಡವರು ಇನ್ನು ಹೆಚ್ಚು ದಿನ ಇರಲಾರರು. ಅವರ ನೆನಪು ಅಳಿದ ಮೇಲೆ ಉಳಿಯುವುದು ಮುಳ್ಳುತಂತಿಯ ಪರಿಚಯವೊಂದೇ. ಜಾಮೀನುದಾರ ರಾಷ್ಟ್ರಗಳು ತಮ್ಮ ಜಾಮೀನನ್ನು ಹಿಂತೆಗೆದುಕೊಂಡು ದೂರ ಸರಿಯಲಿ; ದ್ವೀಪದ ನಾಯಕರು ತಮ್ಮ ಜನಕ್ಕೆ ನಿಜವನ್ನು ನುಡಿಯುವ ಧೈರ್ಯವನ್ನು ತೋರಲಿ. ಆ ಧೈರ್ಯವಿಲ್ಲದೆ ಬರೆದ ಒಪ್ಪಂದವು 1960ರದರಂತೆ ಬರಿಯ ಕಾಗದವಾಗಿಯೇ ಉಳಿದೀತು.